ಶ್ಯೂರಿಟಿ ಹಾಕುವವರು ಯಾರು?

ಶ್ಯೂರಿಟಿ ಹಾಕಿ ಕೈ ಸುಟ್ಟುಕೊಂಡವರ ಕತೆ ಪ್ರತಿ ಊರಿನಲ್ಲೂ ಒಂದಾದರೂ ಇರುತ್ತದೆ. ಭಾವಮೈದುನನ ಟ್ರ್ಯಾಕ್ಟರ್ ಸಾಲಕ್ಕೋ ಸಹೋದ್ಯೋಗಿಯ ಸೊಸೈಟಿ ಸಾಲಕ್ಕೋ ದಾಕ್ಷಿಣ್ಯಕ್ಕೆ ಸಹಿ ಹಾಕಿ, ಸಾಲ ಪಡೆದವನು ಫೋನ್ ಎತ್ತುವುದನ್ನು ಬಿಟ್ಟ ಮೇಲೆ ತಮ್ಮ ಸಂಬಳದಲ್ಲಿ ಕಂತು ಮುರಿಸಿಕೊಂಡವರು ಯಾವ ಕಚೇರಿಗೆ ಹೋದರೂ ಸಿಗುತ್ತಾರೆ. ಹಾಗಾಗಿಯೇ ‘ಒಂದು ಸಹಿ ಬೇಕಿತ್ತು’ ಎಂದು ನೆಂಟರು ಮಾತು ತೆಗೆದರೆ ಮನೆಯವರ ಮುಖ ಬಿಗಿಯಾಗುವುದು.

ಅಮೆರಿಕದ ಕಾಲೇಜು ವಿದ್ಯಾರ್ಥಿಗೆ ಈ ಸಂಕಟ ಹದಿನೆಂಟನೇ ವಯಸ್ಸಿಗೇ ಎದುರಾಗುತ್ತದೆ. ಖಾಸಗಿ ಬ್ಯಾಂಕಿನ ಶಿಕ್ಷಣ ಸಾಲ ಬೇಕೆಂದರೆ ಅರ್ಜಿಯ ಮೇಲೆ ಆದಾಯವಿರುವ, ಸಾಲದ ಚರಿತ್ರೆ ಶುದ್ಧವಾಗಿರುವ ಇನ್ನೊಬ್ಬರ ಸಹಿ ಬೇಕು. ಅವರೇ ಕೋಸೈನರ್. ಮೊದಲ ದಿನದಿಂದಲೇ ಇಡೀ ಸಾಲಕ್ಕೆ ಅವರೂ ಹೊಣೆ. ಸಾಲ ಅವರ ಕ್ರೆಡಿಟ್ ವರದಿಯಲ್ಲೂ ದಾಖಲಾಗುತ್ತದೆ, ಕಂತು ತಪ್ಪಿದರೆ ಇಬ್ಬರ ಸ್ಕೋರೂ ಕುಸಿಯುತ್ತದೆ. ಅಲ್ಲಿನ ಪದವಿ ವಿದ್ಯಾರ್ಥಿಗಳ ಖಾಸಗಿ ಸಾಲಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಈ ಎರಡನೇ ಸಹಿಯ ಮೇಲೆಯೇ ನಿಂತಿವೆ.

ಬ್ಯಾಂಕಿನ ಭಯಕ್ಕೆ ಕಾರಣವಿಲ್ಲದಿಲ್ಲ. ಟ್ರ್ಯಾಕ್ಟರ್ ಕೊಂಡವನು ಕಂತು ಕಟ್ಟದಿದ್ದರೆ ಟ್ರ್ಯಾಕ್ಟರನ್ನೇ ಎಳೆದೊಯ್ಯಬಹುದು. ಎಂಜಿನಿಯರಿಂಗ್ ಓದಿದವನ ತಲೆಯೊಳಗಿನ ಗಣಿತವನ್ನು ಜಪ್ತಿ ಮಾಡಲು ಬರುವುದಿಲ್ಲ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದನ್ನೇ ಎತ್ತಿ ತೋರಿಸಿದ್ದರು: ಯಂತ್ರಕ್ಕೆ ಹಾಕಿದ ಬಂಡವಾಳಕ್ಕೆ ಅಡಮಾನ ಸಿಗುತ್ತದೆ, ಮನುಷ್ಯನ ಮೇಲೆ ಹಾಕಿದ ಬಂಡವಾಳಕ್ಕೆ ಸಿಗುವುದಿಲ್ಲ, ಆದ್ದರಿಂದ ಮಾರುಕಟ್ಟೆ ಓದಿಗೆ ಬೇಕಾದಷ್ಟು ಸಾಲ ಕೊಡುವುದಿಲ್ಲ. ಅಡಮಾನದ ಆ ಖಾಲಿ ಜಾಗವನ್ನು ತುಂಬಲೆಂದೇ ಬ್ಯಾಂಕು ಅಪ್ಪ ಅಮ್ಮನ ಸಹಿ ಕೇಳುತ್ತದೆ. ಹೆಸರಿಗೆ ಸಾಲ ವಿದ್ಯಾರ್ಥಿಯದು, ಆದರೆ ಅಳೆದು ನೋಡುವುದು ಮನೆತನವನ್ನು.

ಅಳತೆಗೆ ಸಿಗದವರು ಯಾರು? ವ್ಯಾಪಾರದಲ್ಲಿ ಸೋತು ಕ್ರೆಡಿಟ್ ಸ್ಕೋರ್ ಕಳೆದುಕೊಂಡವರ ಮಕ್ಕಳು, ಅನಾಥಾಲಯ ಅಥವಾ ಪೋಷಕ ಕುಟುಂಬಗಳಲ್ಲಿ ಬೆಳೆದವರು, ಮನೆಯಿಂದ ಹೊರಹಾಕಲ್ಪಟ್ಟವರು, ಆ ದೇಶದಲ್ಲಿ ಒಬ್ಬ ನೆಂಟನೂ ಇಲ್ಲದ ವಿದೇಶಿ ವಿದ್ಯಾರ್ಥಿಗಳು. ಇವರೆಲ್ಲ ಹುಡುಕುವುದು ಎರಡನೇ ಸಹಿ ಕೇಳದ ದಾರಿಯನ್ನು. ಅಂಥ ದಾರಿಗಳು ಇವೆ. ಆದರೆ ಲೆಕ್ಕ ಬಿಡಿಸಿ ನೋಡಿದರೆ ಜಾಮೀನೇ ಇಲ್ಲದ ಶಿಕ್ಷಣ ಸಾಲ ಎಲ್ಲೂ ಇಲ್ಲ. ಅಪ್ಪನ ಜಾಗದಲ್ಲಿ ಇನ್ಯಾರೋ ನಿಂತಿರುತ್ತಾರೆ: ಸರ್ಕಾರ, ತೆರಿಗೆ ಇಲಾಖೆ, ಸಹಪಾಠಿಗಳು, ಕೆಲವೊಮ್ಮೆ ಒಂದು ಮಠ. ಯಾರು ನಿಂತಿದ್ದಾರೆ, ಬದಲಿಗೆ ಏನು ಕೇಳುತ್ತಿದ್ದಾರೆ ಎಂಬುದನ್ನು ತಿಳಿದುಕೊಂಡರೆ ಯಾವ ದಾರಿ ಹಿಡಿಯಬೇಕೆಂಬುದು ಅರ್ಧ ತೀರ್ಮಾನವಾದಂತೆ.

ಮೊದಲು ಸರ್ಕಾರದ ಜಾಮೀನು. 1965ರ ನವೆಂಬರ್ 8ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಸ್ ರಾಜ್ಯದ ಸ್ಯಾನ್ ಮಾರ್ಕೋಸ್ ಎಂಬ ಊರಿಗೆ ಹೋಗಿ, ತಾವೇ ಓದಿದ್ದ ಕಾಲೇಜಿನಲ್ಲಿ ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಅಲ್ಲಿ ಓದುವಾಗ ನೆಲ ಗುಡಿಸುವುದರಿಂದ ಹಿಡಿದು ಕಾಲುಚೀಲ ಮಾರುವವರೆಗೆ ನಾನಾ ಕೆಲಸ ಮಾಡಿ, ಕಾಲೇಜಿನ ಅಧ್ಯಕ್ಷರ ಗ್ಯಾರೇಜಿನ ಮೇಲಿನ ಪುಟ್ಟ ಕೋಣೆಯಲ್ಲಿ ದಿನ ದೂಡಿದ್ದನ್ನು ಆ ದಿನದ ಭಾಷಣದಲ್ಲಿ ನೆನಪಿಸಿಕೊಂಡರು. ಓದಿನ ನಡುವೆ ದುಡ್ಡಿಗಾಗಿ ಒಂದು ವರ್ಷ ಕಾಲೇಜು ಬಿಟ್ಟು ಕೊಟುಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡಮಕ್ಕಳಿಗೆ ಮೇಷ್ಟರಾಗಿದ್ದವರು ಅವರು. ಅವರು ಸಹಿ ಹಾಕಿದ ಕಾಯ್ದೆ ವಿದ್ಯಾರ್ಥಿ ಸಾಲಕ್ಕೆ ಸರ್ಕಾರದ ಖಾತರಿ ಕೊಟ್ಟಿತು. ಹುಡುಗ ಕಟ್ಟದಿದ್ದರೆ ಬ್ಯಾಂಕಿಗೆ ಸರ್ಕಾರ ಕಟ್ಟಿಕೊಡುವ ಏರ್ಪಾಡು ಅದು. 2010ರ ನಂತರ ನಡುವಿನ ಬ್ಯಾಂಕನ್ನೂ ತೆಗೆದುಹಾಕಿ, ಒಕ್ಕೂಟ ಸರ್ಕಾರವೇ ನೇರವಾಗಿ ಸಾಲ ಕೊಡುತ್ತಿದೆ.

ಈ ನೇರ ಸಾಲಕ್ಕೆ ಪದವಿ ವಿದ್ಯಾರ್ಥಿ ಕೋಸೈನರ್‌ನನ್ನು ಕರೆತರಬೇಕಿಲ್ಲ. ಅವನ ಕ್ರೆಡಿಟ್ ಸ್ಕೋರನ್ನೂ ಯಾರೂ ನೋಡುವುದಿಲ್ಲ. ಫಾಫ್ಸಾ ಎಂದು ಎಲ್ಲರೂ ಕರೆಯುವ ಉಚಿತ ಅರ್ಜಿಯನ್ನು ತುಂಬಿ, ಸಾಲಪತ್ರಕ್ಕೆ ತಾನೊಬ್ಬನೇ ಸಹಿ ಹಾಕಿದರೆ ಸಾಕು. ಬಡ್ಡಿ ಎಲ್ಲರಿಗೂ ಒಂದೇ: 2024–25ರಲ್ಲಿ ಶೇ 6.53. ಓದು ಮುಗಿದ ಮೇಲೆ ಕೈಗೆ ಬರುವ ಆದಾಯಕ್ಕೆ ತಕ್ಕಂತೆ ಕಂತು ಕಟ್ಟುವ ಸೌಲಭ್ಯವೂ ಇದೆ. ಜಾಮೀನು ಸಿಗದೆ ಹೆದರಿದ ವಿದ್ಯಾರ್ಥಿಗೆ ಅಮೆರಿಕದ ಕಾಲೇಜುಗಳ ಸಲಹೆಗಾರರು ಮೊದಲು ಹೇಳುವುದು ಇದನ್ನೇ.

ತೊಡಕಿರುವುದು ಮೊತ್ತದಲ್ಲಿ. ತಂದೆತಾಯಿಯ ಆಸರೆಯಲ್ಲಿರುವ ವಿದ್ಯಾರ್ಥಿಗೆ ಮೊದಲ ವರ್ಷ 5,500 ಡಾಲರ್, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500, ಒಟ್ಟಾರೆ 31,000 ಡಾಲರ್ ಮಿತಿ. 2024–25ರಲ್ಲಿ ತನ್ನದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುವವನ ಬೋಧನಾ ಶುಲ್ಕವೇ ಸರಾಸರಿ 11,610 ಡಾಲರ್ ಇತ್ತು. ಲಾಭರಹಿತ ಖಾಸಗಿ ಕಾಲೇಜುಗಳಲ್ಲಿ ಅದು 43,350 ಡಾಲರ್. ಊಟ, ಬಾಡಿಗೆ, ಪುಸ್ತಕ ಬೇರೆ. ಹೀಗೆ ಉಳಿಯುವ ಕಂದಕವನ್ನು ದಾಟಲು ಹೋದಾಗಲೇ ಕುಟುಂಬಗಳು ಖಾಸಗಿ ಬ್ಯಾಂಕಿನ ಬಾಗಿಲಿಗೆ, ಅಲ್ಲಿಂದ ಕೋಸೈನರ್‌ನ ಬಾಗಿಲಿಗೆ ಹೋಗುವುದು.

ಮಿತಿಯನ್ನು ಏರಿಸಿಕೊಳ್ಳುವ ದಾರಿಯೂ ಕಾನೂನಿನಲ್ಲೇ ಇದೆ. ‘ಸ್ವತಂತ್ರ’ ಎಂದು ಗುರುತಿಸಲಾದ ವಿದ್ಯಾರ್ಥಿಗೆ ಮೊದಲ ವರ್ಷವೇ 9,500 ಡಾಲರ್, ಒಟ್ಟು 57,500 ಡಾಲರ್‌ವರೆಗೆ ಸಾಲ ಸಿಗುತ್ತದೆ. ಆದರೆ ಮನೆ ಬಿಟ್ಟು ಬೇರೆ ರೂಮು ಮಾಡಿಕೊಂಡ ಮಾತ್ರಕ್ಕೆ ಯಾರೂ ಸ್ವತಂತ್ರರಾಗುವುದಿಲ್ಲ. 24 ವರ್ಷ ತುಂಬಿರಬೇಕು, ಇಲ್ಲವೇ ಮದುವೆಯಾಗಿರಬೇಕು, ಸೇನೆಯಲ್ಲಿ ದುಡಿದಿರಬೇಕು, ಸಾಕಬೇಕಾದ ಮಗುವಿರಬೇಕು. 13 ವರ್ಷದ ನಂತರ ಯಾವಾಗಲಾದರೂ ಅನಾಥರಾಗಿದ್ದವರಿಗೆ, ಪೋಷಕ ಕುಟುಂಬದ ಆರೈಕೆಯಲ್ಲಿದ್ದವರಿಗೆ, ತಲೆ ಮೇಲೆ ಸೂರಿಲ್ಲದವರಿಗೂ ಇದು ಅನ್ವಯಿಸುತ್ತದೆ. ಮನೆಯಲ್ಲಿ ಹಿಂಸೆ ಅನುಭವಿಸಿ ಹೊರಬಂದವರಂಥ ಪ್ರಕರಣಗಳಲ್ಲಿ, ದಾಖಲೆ ನೋಡಿ ‘ಸ್ವತಂತ್ರ’ ಎಂದು ಘೋಷಿಸುವ ಅಧಿಕಾರ ಕಾಲೇಜಿನ ಹಣಕಾಸು ನೆರವಿನ ಕಚೇರಿಗಿದೆ. ಇನ್ನೊಂದು ನಿಯಮ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಪೋಷಕರ ಹೆಸರಿನಲ್ಲಿ ಕೊಡುವ ‘ಪ್ಲಸ್’ ಸಾಲಕ್ಕೆ ಅಪ್ಪ ಅಥವಾ ಅಮ್ಮ ಅರ್ಜಿ ಹಾಕಿ, ಕೆಟ್ಟ ಸಾಲ ಚರಿತ್ರೆಯ ಕಾರಣಕ್ಕೆ ಅದು ತಿರಸ್ಕೃತವಾದರೆ, ವಿದ್ಯಾರ್ಥಿಗೆ ಸ್ವತಂತ್ರರ ಮಟ್ಟದ ಹೆಚ್ಚುವರಿ ಸಾಲ ಸಿಗುತ್ತದೆ: ಮೊದಲೆರಡು ವರ್ಷ 4,000 ಡಾಲರ್, ನಂತರ 5,000. ಪೋಷಕರ ಅರ್ಜಿ ಬಿದ್ದುಹೋಗುವುದೇ ಇಲ್ಲಿ ಮಕ್ಕಳಿಗೆ ಅನುಕೂಲ.

ಖಾಸಗಿ ಸಾಲಕ್ಕೆ ಕೋಸೈನರ್ ಸಿಕ್ಕವರ ಪಾಡೇನೂ ಸುಖವಲ್ಲ. ಇಂತಿಷ್ಟು ಕಂತು ಸರಿಯಾಗಿ ಕಟ್ಟಿದರೆ ಕೋಸೈನರ್‌ನನ್ನು ಬಿಡುಗಡೆ ಮಾಡುತ್ತೇವೆಂದು ಜಾಹೀರಾತಿನಲ್ಲಿ ಹೇಳುವ ಸಂಸ್ಥೆಗಳು ಹಲವು. ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2015ರಲ್ಲಿ ಪರಿಶೀಲಿಸಿದಾಗ, ಬಿಡುಗಡೆ ಕೋರಿ ಬಂದ ಅರ್ಜಿಗಳಲ್ಲಿ ಶೇ 90ರಷ್ಟು ತಿರಸ್ಕೃತವಾಗಿದ್ದವು. ಅದಕ್ಕೂ ಒಂದು ವರ್ಷ ಮೊದಲು ಇನ್ನೂ ವಿಚಿತ್ರವಾದ ದೂರುಗಳು ಬಂದಿದ್ದವು: ಸಹಿ ಹಾಕಿದ್ದ ಅಜ್ಜ ತೀರಿಕೊಂಡರೆಂಬ ಒಂದೇ ಕಾರಣಕ್ಕೆ, ಕಂತು ತಪ್ಪದೆ ಕಟ್ಟುತ್ತಿದ್ದ ಮೊಮ್ಮಕ್ಕಳಿಗೆ ಪೂರ್ತಿ ಸಾಲ ಒಮ್ಮೆಗೇ ತೀರಿಸಿ ಎಂಬ ನೋಟಿಸು. 2018ರಲ್ಲಿ ಸಂಸತ್ತು ಕಾನೂನು ಮಾಡಿ ಹೊಸ ಸಾಲಗಳಿಗೆ ಈ ಪದ್ಧತಿಯನ್ನು ನಿಷೇಧಿಸಿತು. ವಿದ್ಯಾರ್ಥಿಯೇ ಸತ್ತರೆ ಕೋಸೈನರ್ ಋಣಮುಕ್ತ ಎಂದೂ ಅದರಲ್ಲಿ ಬರೆಯಲಾಯಿತು. ಅದನ್ನು ಕಾನೂನಿನಲ್ಲಿ ಬರೆಯಬೇಕಾಗಿ ಬಂದಿದ್ದರ ಹಿಂದೆ ಏನಿತ್ತೆಂಬುದು ನ್ಯೂ ಜೆರ್ಸಿ ರಾಜ್ಯದ ಪ್ರಕರಣದಿಂದ ತಿಳಿಯುತ್ತದೆ. ಮಗನ ಸಾಲಕ್ಕೆ ಸಹಿ ಹಾಕಿದ್ದ ತಾಯಿಯೊಬ್ಬರಿಂದ, ಮಗ ಕೊಲೆಯಾದ ಮೇಲೂ ರಾಜ್ಯದ ಸಾಲ ಸಂಸ್ಥೆ ಕಂತು ಕೇಳುತ್ತಿದ್ದುದನ್ನು 2016ರಲ್ಲಿ ಪ್ರೊಪಬ್ಲಿಕಾ ಎಂಬ ತನಿಖಾ ಸುದ್ದಿಸಂಸ್ಥೆ ಬಯಲಿಗೆಳೆಯಿತು. ಆ ಬಳಿಕ ರಾಜ್ಯ ತನ್ನ ನಿಯಮ ತಿದ್ದಿಕೊಳ್ಳಬೇಕಾಯಿತು.

ಹೀಗಾಗಿ ಜಾಣ ವಿದ್ಯಾರ್ಥಿಗಳು ಸಾಲಕ್ಕೂ ಮೊದಲು ತೀರಿಸಬೇಕಿಲ್ಲದ ಹಣವನ್ನು ಹುಡುಕುತ್ತಾರೆ. 1972ರಲ್ಲಿ ಶುರುವಾಗಿ, ಆಮೇಲೆ ಸೆನೆಟರ್ ಕ್ಲೇಬರ್ನ್ ಪೆಲ್ ಹೆಸರು ಪಡೆದ ಪೆಲ್ ಅನುದಾನ ಬಡ ಕುಟುಂಬದವರಿಗೆ ವರ್ಷಕ್ಕೆ ಗರಿಷ್ಠ 7,395 ಡಾಲರ್ ಕೊಡುತ್ತದೆ. ಎರಡು ವರ್ಷದ ಕಮ್ಯುನಿಟಿ ಕಾಲೇಜಿನ ಸರಾಸರಿ ಶುಲ್ಕ 2024–25ರಲ್ಲಿ 4,050 ಡಾಲರ್. ಅಂದರೆ ಅನುದಾನದಲ್ಲಿ ಶುಲ್ಕ ಕಟ್ಟಿ ಬಸ್ಸಿಗೂ ಪುಸ್ತಕಕ್ಕೂ ಮಿಗುತ್ತದೆ. ಮೊದಲೆರಡು ವರ್ಷ ಅಲ್ಲಿ ಓದಿ, ಮೂರನೇ ವರ್ಷಕ್ಕೆ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗವಾಗುವವರಿಗೆ ಕೊನೆಯಲ್ಲಿ ಸಿಗುವ ಪದವಿಪತ್ರ ಆ ದೊಡ್ಡ ವಿಶ್ವವಿದ್ಯಾಲಯದ್ದೇ.

ಇನ್ನೊಂದು ತುದಿಯಲ್ಲಿ ಅತಿ ಶ್ರೀಮಂತ ವಿಶ್ವವಿದ್ಯಾಲಯಗಳಿವೆ. ಪ್ರಿನ್ಸ್‌ಟನ್ 2001ರಲ್ಲಿ ತನ್ನ ನೆರವಿನಿಂದ ಸಾಲವನ್ನೇ ತೆಗೆದು ಪೂರ್ತಿ ಅನುದಾನ ಮಾಡಿತು. ಹಾರ್ವರ್ಡ್ 2025–26ರಿಂದ ವರ್ಷಕ್ಕೆ 2 ಲಕ್ಷ ಡಾಲರ್‌ವರೆಗೆ ಆದಾಯವಿರುವ ಮನೆಗಳ ಮಕ್ಕಳಿಗೆ ಬೋಧನಾ ಶುಲ್ಕ ಬಿಟ್ಟಿದೆ. ಈ ಎರಡರ ಜತೆ ಯೇಲ್, ಎಂಐಟಿ, ಆ್ಯಮ್‌ಹರ್ಸ್ಟ್‌ಗಳು ವಿದೇಶಿ ವಿದ್ಯಾರ್ಥಿಯ ಪ್ರವೇಶ ತೀರ್ಮಾನಿಸುವಾಗಲೂ ಅವನ ಮನೆಯ ಹಣಕಾಸನ್ನು ನೋಡುವುದಿಲ್ಲ. ಆಯ್ಕೆಯಾದರೆ ಕೊರತೆಯನ್ನು ತಾವೇ ತುಂಬುತ್ತವೆ. ಸೀಟು ಸಿಗುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಿಲ್ಲ.

ಕೆಂಟಕಿ ರಾಜ್ಯದ ಬೆಟ್ಟಗಳ ಅಂಚಿನಲ್ಲಿರುವ ಬೆರಿಯಾ ಕಾಲೇಜಿನದು ಬೇರೆಯೇ ಲೆಕ್ಕ. 1855ರಲ್ಲಿ ಹುಟ್ಟಿದ ಈ ಕಾಲೇಜು 1892ರಿಂದ ಯಾವ ವಿದ್ಯಾರ್ಥಿಯಿಂದಲೂ ಬೋಧನಾ ಶುಲ್ಕ ತೆಗೆದುಕೊಂಡಿಲ್ಲ. ಬದಲಿಗೆ ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ಕ್ಯಾಂಪಸ್ಸಿನಲ್ಲಿ ದುಡಿಯಬೇಕು: ತೋಟದಲ್ಲಿ, ಅಡುಗೆಮನೆಯಲ್ಲಿ, ಕಚೇರಿಯಲ್ಲಿ, ಇಲ್ಲವೇ ಒಂದು ಶತಮಾನದಿಂದ ನಡೆಯುತ್ತಿರುವ ಪೊರಕೆ ಕಟ್ಟುವ ಕಮ್ಮಟದಲ್ಲಿ. ಕರಿಯರ ಇತಿಹಾಸದ ಅಧ್ಯಯನಕ್ಕೆ ಅಡಿಪಾಯ ಹಾಕಿದ ಕಾರ್ಟರ್ ವುಡ್ಸನ್ 1903ರಲ್ಲಿ ಪದವಿ ಪಡೆದದ್ದು ಇಲ್ಲೇ. ವಿದೇಶಿ ವಿದ್ಯಾರ್ಥಿಗಳಿಗೂ ಇಲ್ಲಿ ಪ್ರವೇಶವಿದೆ. ಇಲ್ಲಿ ಜಾಮೀನು ನಿಲ್ಲುವುದು ವಿದ್ಯಾರ್ಥಿಯ ರಟ್ಟೆ.

ಫ್ರೀಡ್‌ಮನ್ ತಮ್ಮ ಪ್ರಬಂಧದಲ್ಲಿ ಒಂದು ಪರಿಹಾರವನ್ನೂ ಸೂಚಿಸಿದ್ದರು: ಸಾಲದ ಬದಲು ವಿದ್ಯಾರ್ಥಿಯ ಮುಂದಿನ ಗಳಿಕೆಯಲ್ಲಿ ಪಾಲು ತೆಗೆದುಕೊಳ್ಳುವುದು. 1971ರಲ್ಲಿ ಯೇಲ್ ಇದನ್ನು ತನ್ನದೇ ರೀತಿಯಲ್ಲಿ ಪ್ರಯೋಗಿಸಿ ನೋಡಿತು. ಪಡೆದ ಪ್ರತಿ ಸಾವಿರ ಡಾಲರ್‌ಗೆ ವರ್ಷದ ಆದಾಯದ ಶೇ 0.4ರಷ್ಟನ್ನು ಕಟ್ಟುತ್ತ ಹೋಗಬೇಕು, ಆ ವರ್ಷದ ಇಡೀ ತಂಡದ ಸಾಲ ತೀರುವವರೆಗೆ ಅಥವಾ 35 ವರ್ಷ ಆಗುವವರೆಗೆ ಕಂತು ನಿಲ್ಲುವುದಿಲ್ಲ. ನಮ್ಮ ಸ್ತ್ರೀಶಕ್ತಿ ಸಂಘಗಳಲ್ಲಿ ಒಬ್ಬಳ ಸಾಲಕ್ಕೆ ಉಳಿದವರೆಲ್ಲ ಹೊಣೆ ಹೊರುವಂತೆ, ಸಹಪಾಠಿಗಳೇ ಒಬ್ಬರಿಗೊಬ್ಬರು ಜಾಮೀನು. ಆದರೆ ಸಂಘದ ಹೆಂಗಸರು ಒಂದೇ ಬೀದಿಯವರು, ವಾರವಾರವೂ ಮುಖ ನೋಡುವವರು. ಯೇಲ್ ಪದವೀಧರರು ದೇಶದ ಮೂಲೆಮೂಲೆಗೆ ಚದುರಿದರು. ಹೆಚ್ಚು ಗಳಿಸುವವರು ಒಮ್ಮೆಗೇ ದುಡ್ಡು ಕಟ್ಟಿ ಹೊರಬಂದರು, ಕೆಲವರು ಕಟ್ಟುವುದನ್ನೇ ಬಿಟ್ಟರು, ನಡುವಿನವರು ಎಲ್ಲರ ಭಾರ ಹೊತ್ತರು. 1978ರಲ್ಲಿ ಯೋಜನೆ ನಿಂತಿತು. ಎರಡು ದಶಕಗಳ ನಂತರ ವಿಶ್ವವಿದ್ಯಾಲಯವೇ ಉಳಿದ ಬಾಕಿಯನ್ನು ಮನ್ನಾ ಮಾಡಬೇಕಾಯಿತು.

ಇದೇ ವಿಚಾರ ಆಸ್ಟ್ರೇಲಿಯಾದಲ್ಲಿ ಗಟ್ಟಿಯಾಗಿ ನಿಂತದ್ದು ಹಣ ವಸೂಲಿಯನ್ನು ತೆರಿಗೆ ಇಲಾಖೆಗೆ ಒಪ್ಪಿಸಿದ್ದರಿಂದ. ಅರ್ಥಶಾಸ್ತ್ರಜ್ಞ ಬ್ರೂಸ್ ಚಾಪ್‌ಮನ್ ರೂಪಿಸಿದ ಹೆಕ್ಸ್ ಪದ್ಧತಿ 1989ರಲ್ಲಿ ಜಾರಿಗೆ ಬಂತು. ಓದುವಾಗ ಶುಲ್ಕವನ್ನು ಸರ್ಕಾರ ಕಟ್ಟುತ್ತದೆ. ಪದವೀಧರನ ಆದಾಯ ನಿಗದಿತ ಮಟ್ಟ ದಾಟಿದ ಮೇಲಷ್ಟೇ ಸಂಬಳದಿಂದ ತೆರಿಗೆಯ ಜತೆಗೆ ಕಂತು ಕಡಿತವಾಗುತ್ತದೆ. ಕೆಲಸ ಹೋದರೆ ಕಂತೂ ನಿಲ್ಲುತ್ತದೆ. ಯಾರ ಅಪ್ಪನ ಸಹಿಯೂ ಬೇಕಿಲ್ಲ. ಇಂಗ್ಲೆಂಡಿನ ವಿದ್ಯಾರ್ಥಿ ಸಾಲವೂ ಬಹುಪಾಲು ಇದೇ ಜಾಡಿನದು. ಎರಡೂ ಕಡೆ ಈ ಸೌಲಭ್ಯ ಮುಖ್ಯವಾಗಿ ಆಯಾ ದೇಶದವರಿಗೆ. ಮೈಸೂರಿನಿಂದ ಮೆಲ್ಬರ್ನ್‌ಗೆ ಹೋದವರಿಗೆ ಇದು ಸಿಗದು.

ಅಮೆರಿಕದ ಸರ್ಕಾರಿ ಸಾಲವೂ ಹಾಗೆಯೇ. 2023–24ರಲ್ಲಿ ಅಲ್ಲಿ ಓದುತ್ತಿದ್ದ ಭಾರತೀಯರು 3.31 ಲಕ್ಷ, ಆ ವರ್ಷ ಚೀನಾವನ್ನೂ ಹಿಂದಿಕ್ಕಿದ ಸಂಖ್ಯೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ನಾತಕೋತ್ತರ ವಿದ್ಯಾರ್ಥಿಗಳು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜುಗಳಿಂದ ಎಂಎಸ್ ಮಾಡಲು ಹೊರಡುವವರು ಈ ಗುಂಪಿನವರು. ವೀಸಾಕ್ಕೆ ಬೇಕಾದ ಐ–20 ಪತ್ರ ಪಡೆಯಲು ಮೊದಲ ವರ್ಷದ ಖರ್ಚಿಗೆ ಹಣವಿದೆಯೆಂದು ತೋರಿಸಬೇಕು. ಅಮೆರಿಕದ ಬಹುತೇಕ ಖಾಸಗಿ ಬ್ಯಾಂಕುಗಳು ಅಲ್ಲಿನ ಪೌರನೋ ಗ್ರೀನ್‌ಕಾರ್ಡ್ ಇರುವವನೋ ಕೋಸೈನರ್ ಆಗಬೇಕೆನ್ನುತ್ತವೆ. ಊರಿನ ಸರ್ಕಾರಿ ಬ್ಯಾಂಕು ದೊಡ್ಡ ಮೊತ್ತಕ್ಕೆ ಮನೆಯನ್ನೋ ನಿವೇಶನವನ್ನೋ ಅಡಮಾನ ಕೇಳುತ್ತದೆ. ಹತ್ತು ಎಕರೆ ಹೊಲವಿದ್ದರೂ ಕೃಷಿ ಭೂಮಿಯನ್ನು ಇದಕ್ಕೆ ಒಪ್ಪುವುದು ಅಪರೂಪ.

ಈ ಬಿರುಕಿನಲ್ಲಿ ಹುಟ್ಟಿಕೊಂಡವು ಪ್ರಾಡಿಜಿ ಫೈನಾನ್ಸ್, ಎಂಪವರ್ ಫೈನಾನ್ಸಿಂಗ್‌ನಂಥ ಸಂಸ್ಥೆಗಳು. ಮೊದಲನೆಯದು 2007ರಲ್ಲಿ, ಎರಡನೆಯದು 2014ರಲ್ಲಿ ಶುರುವಾದದ್ದು. ಇವು ಕೋಸೈನರ್ ಕೇಳುವುದಿಲ್ಲ, ಅಡಮಾನ ಕೇಳುವುದಿಲ್ಲ. ತಮ್ಮ ಪಟ್ಟಿಯಲ್ಲಿರುವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸೀಟು ಸಿಕ್ಕಿದೆ, ಅದನ್ನು ಓದಿದವರು ಎಷ್ಟು ಸಂಬಳ ಪಡೆಯುತ್ತಾರೆ ಎಂದು ಲೆಕ್ಕ ಹಾಕುತ್ತವೆ. ಇಲ್ಲಿ ಜಾಮೀನು ನಿಂತಿರುವುದು ಇನ್ನೂ ಸಿಗದ ಕೆಲಸ. ಅದರ ಬೆಲೆ ಬಡ್ಡಿಯಲ್ಲಿ ಕಾಣುತ್ತದೆ, ಸಾಮಾನ್ಯವಾಗಿ ಎರಡಂಕಿಯ ಆಸುಪಾಸು. ಅದೂ ಡಾಲರ್ ಲೆಕ್ಕದಲ್ಲಿ. 2014ರಲ್ಲಿ ಸುಮಾರು 60 ರೂಪಾಯಿ ಇದ್ದ ಡಾಲರ್ 2024ರ ಕೊನೆಗೆ 85 ದಾಟಿತ್ತು. ಅಲ್ಲೇ ಕೆಲಸ ಸಿಕ್ಕವರಿಗೆ ಇದು ತಟ್ಟುವುದಿಲ್ಲ. ವೀಸಾ ಸಿಗದೆ ಊರಿಗೆ ಮರಳಿ ರೂಪಾಯಿಯಲ್ಲಿ ಸಂಬಳ ಎಣಿಸುವವರಿಗೆ ಪ್ರತಿ ವರ್ಷ ಕಂತು ಬೆಳೆಯುತ್ತ ಹೋಗುತ್ತದೆ. ಪಿಎಚ್‌ಡಿಗೆ ಸೇರುವವರ ದಾರಿ ಇದಕ್ಕಿಂತ ಹಗುರ: ಬೋಧನೆಯಲ್ಲೋ ಸಂಶೋಧನೆಯಲ್ಲೋ ಸಹಾಯಕರಾಗಿ ದುಡಿದರೆ ಸಾಮಾನ್ಯವಾಗಿ ಶುಲ್ಕ ಮಾಫಿಯಾಗಿ ಮಾಸಿಕ ಭತ್ಯೆಯೂ ಸಿಗುತ್ತದೆ.

ಅಮೆರಿಕದವರಿಗೂ ಈಗ ಸ್ನಾತಕೋತ್ತರ ಓದು ಬಿಗಿಯಾಗುತ್ತಿದೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸ ವಿದ್ಯಾರ್ಥಿಗಳಿಗೆ ಖರ್ಚಿನಷ್ಟೂ ಸಿಗುತ್ತಿದ್ದ ‘ಗ್ರಾಡ್ ಪ್ಲಸ್’ ಸಾಲ ಇಲ್ಲ. ಮಿತಿ ಮೀರಿದ ಖರ್ಚಿಗೆ ಅವರೂ ಖಾಸಗಿ ಬ್ಯಾಂಕಿಗೆ, ಅಂದರೆ ಮತ್ತೆ ಎರಡನೇ ಸಹಿಗೆ ಹೋಗಬೇಕು.

ವಿದ್ಯಾರ್ಥಿಯ ಬೆನ್ನಿಗೆ ಇನ್ನೊಬ್ಬರು ನಿಲ್ಲುವ ರೂಢಿ ನಮ್ಮಲ್ಲಿ ಬ್ಯಾಂಕುಗಳಿಗಿಂತ ಹಳೆಯದು. 1913ರಲ್ಲಿ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಸಂಸ್ಥಾನ ಮೂರು ವರ್ಷ ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನದಲ್ಲಿ. ಬದಲಿಗೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವೆನೆಂದು ಅವರು ಕರಾರು ಬರೆದುಕೊಟ್ಟಿದ್ದರು. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದರು. ಮುಂದೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ನೆರವಾಯಿತು. ವಾರಾನ್ನ ಉಂಡು ಓದಿದವರ ತಲೆಮಾರೇ ನಮ್ಮಲ್ಲಿ ಆಗಿಹೋಗಿದೆ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. ಸಿದ್ಧಗಂಗೆಯಂಥ ಮಠಗಳು, ಜಾತಿ ಸಂಘಗಳ ಹಾಸ್ಟೆಲ್‌ಗಳು ಅನ್ನ ಮತ್ತು ಸೂರಿನ ಭಾರ ಹೊತ್ತವು. ಶುಲ್ಕ ಕಡಿಮೆಯಿದ್ದ ಕಾಲದಲ್ಲಿ ಅಷ್ಟು ಸಾಕಾಗುತ್ತಿತ್ತು.

ಶುಲ್ಕ ಲಕ್ಷಗಳಿಗೆ ಏರಿದ ಮೇಲೆ ಬ್ಯಾಂಕು ಬಂತು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆ 2001ರದ್ದು. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳಕೂಡದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅದಕ್ಕಿಂತ ಮೇಲಿನ ಸಾಲಕ್ಕೆ ಮೂರನೆಯವರ ಜಾಮೀನು ಕೇಳುವ ಪದ್ಧತಿ ಬಹುಕಾಲ ಇತ್ತು. 2015ರಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಸಾಲಗಳಿಗೆ ಖಾತರಿ ನಿಧಿ ಸ್ಥಾಪಿಸಿ, 7.5 ಲಕ್ಷದವರೆಗೆ ಅಡಮಾನವೂ ಮೂರನೆಯವರ ಜಾಮೀನೂ ಇಲ್ಲದೆ ಸಾಲ ಕೊಡಲು ದಾರಿ ಮಾಡಿತು. ವಿದ್ಯಾರ್ಥಿ ಸುಸ್ತಿಯಾದರೆ ಬಾಕಿಯ ಶೇ 75ರಷ್ಟನ್ನು ನಿಧಿ ತುಂಬುತ್ತದೆ. ಹಾಗೆಂದು ಅಪ್ಪ ಅಮ್ಮ ಪೂರ್ತಿ ಹೊರಗುಳಿಯುವುದಿಲ್ಲ, ಅವರನ್ನು ಸಹ ಸಾಲಗಾರರಾಗಿ ಸೇರಿಸಿಕೊಳ್ಳುವುದು ಇಲ್ಲಿ ಈಗಲೂ ರೂಢಿ. ತಪ್ಪಿದ್ದು ದೊಡ್ಡಪ್ಪನ, ಊರಿನ ಮೇಷ್ಟರ ಬಾಗಿಲು ಕಾಯುವ ಕಷ್ಟ.

2024ರ ನವೆಂಬರ್ 6ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿದೆ. ಎನ್‌ಐಆರ್‌ಎಫ್ ಶ್ರೇಯಾಂಕದ ಆಧಾರದ ಮೇಲೆ ಆರಿಸಿದ 860 ಸಂಸ್ಥೆಗಳಿಂದ ಇದು ಶುರುವಾಯಿತು. ಅವುಗಳಲ್ಲಿ ಅರ್ಹತೆಯ ಮೇಲೆ ಸೀಟು ಪಡೆದವರಿಗೆ ಬೋಧನಾ ಶುಲ್ಕ ಮತ್ತು ಓದಿನ ಇತರ ಖರ್ಚು ಸೇರಿದಂತೆ ಪೂರ್ತಿ ಮೊತ್ತಕ್ಕೆ ಜಾಮೀನು, ಅಡಮಾನ ಇಲ್ಲದ ಸಾಲ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯದವರಿಗೆ, 10 ಲಕ್ಷದವರೆಗಿನ ಸಾಲದ ಮೇಲೆ ಓದಿನ ಅವಧಿಯಲ್ಲಿ ಶೇ 3ರ ಬಡ್ಡಿ ರಿಯಾಯಿತಿ. ಇದು ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ. ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುವವರಿಗೆ ಆ ಅವಧಿಯ ಪೂರ್ತಿ ಬಡ್ಡಿಯನ್ನು ಸರ್ಕಾರವೇ ಕಟ್ಟುವ ಯೋಜನೆ 2009ರಿಂದ ಇದೆ. ಕಾಲೇಜು ಪಟ್ಟಿಯಲ್ಲಿದೆಯೇ ಎಂದು ನೋಡುವುದು ಇಲ್ಲಿ ಮೊದಲ ಕೆಲಸ. ತಾಲ್ಲೂಕು ಕೇಂದ್ರದ ಖಾಸಗಿ ಕಾಲೇಜಿನ ವಿದ್ಯಾರ್ಥಿಗೆ 7.5 ಲಕ್ಷದ ಹಳೆಯ ಖಾತರಿ ಯೋಜನೆಯೇ ಗತಿ.

ರಾಜ್ಯದಲ್ಲಿ ‘ಅರಿವು’ ಸಾಲವಿದೆ. ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಮೂಲಕ, ಸಿಇಟಿಯಂಥ ಪರೀಕ್ಷೆಯಿಂದ ವೃತ್ತಿಪರ ಕೋರ್ಸಿಗೆ ಸೀಟು ಪಡೆದವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಬಡ್ಡಿ ಬರೀ ಶೇ 2. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವೂ ಇದೇ ಹೆಸರಿನ ಸಾಲ ಕೊಡುತ್ತದೆ. ಬ್ಯಾಂಕಿನ ಬಡ್ಡಿಯ ಜತೆ ಹೋಲಿಸಿದರೆ ವ್ಯತ್ಯಾಸ ದೊಡ್ಡದು. ಆದರೂ ಎಷ್ಟೋ ಮನೆಗಳು ಇದನ್ನು ವಿಚಾರಿಸುವುದು ಬ್ಯಾಂಕ್ ಸಾಲ ಮಂಜೂರಾದ ನಂತರ.

ತೀರಿಸಬೇಕಿಲ್ಲದ ಹಣಕ್ಕೂ ಇಲ್ಲಿ ಹಲವು ಬಾಗಿಲುಗಳಿವೆ. ಎಂಜಿನಿಯರಿಂಗ್ ಸೀಟುಗಳಿಗೆ ಹೆಚ್ಚುವರಿಯಾಗಿ ಶೇ 5ರಷ್ಟು ಎಸ್‌ಎನ್‌ಕ್ಯೂ ಸೀಟುಗಳಿದ್ದು, ಆದಾಯ 8 ಲಕ್ಷದೊಳಗಿರುವ ಮನೆಯ ಮಕ್ಕಳಿಗೆ ಅವುಗಳಲ್ಲಿ ಬೋಧನಾ ಶುಲ್ಕ ಮಾಫಿ. ಆಯ್ಕೆ ತುಂಬುವಾಗ ಇದನ್ನು ಗಮನಿಸದೆ ಹೋದರೆ ಆಮೇಲೆ ಪಡೆಯಲಾಗದು. ತಾಂತ್ರಿಕ ಶಿಕ್ಷಣಕ್ಕೆ ಸೇರಿದ ಹುಡುಗಿಯರಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಸರ್ಕಾರಿ ಶಾಲೆ ಮತ್ತು ಪಿಯು ಕಾಲೇಜುಗಳಲ್ಲಿ ಓದಿ ಪದವಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000. ರೈತರ ಮಕ್ಕಳಿಗೆ 2021ರಲ್ಲಿ ರಾಜ್ಯ ಸರ್ಕಾರ ಶುರುಮಾಡಿದ ರೈತ ವಿದ್ಯಾನಿಧಿಯಲ್ಲಿ ಪಿಯುಸಿಗೆ 2,500ರಿಂದ ಆರಂಭಿಸಿ ವೃತ್ತಿಪರ ಕೋರ್ಸಿಗೆ 11,000 ರೂಪಾಯಿವರೆಗೆ ನಿಗದಿಯಾಗಿತ್ತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯಿಂದ ಊಟ–ವಸತಿಗೆ ವರ್ಷದಲ್ಲಿ ಹತ್ತು ತಿಂಗಳು ನೆರವು. ಒಂದೊಂದೂ ಸಣ್ಣ ಮೊತ್ತ, ಆದರೆ ನಾಲ್ಕು ವರ್ಷದ ಲೆಕ್ಕದಲ್ಲಿ ಸಾಲದ ಗಾತ್ರವನ್ನೇ ಬದಲಿಸುವಷ್ಟು. ರಾಜ್ಯದ ಯೋಜನೆಗಳಲ್ಲಿ ಹೆಚ್ಚಿನವು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯ ಮೂಲಕವೇ ನಡೆಯುತ್ತವೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲೇ ಕೈಯಲ್ಲಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಅರ್ಜಿಗಳು ನಿಂತುಹೋಗುವುದು ಹೆಚ್ಚಾಗಿ ಇಲ್ಲೇ.

ಇಷ್ಟಾದರೂ ಶಾಖೆಯ ಮ್ಯಾನೇಜರು 5 ಲಕ್ಷದ ಸಾಲಕ್ಕೂ ‘ಯಾರಾದರೂ ಸರ್ಕಾರಿ ನೌಕರರ ಶ್ಯೂರಿಟಿ ತನ್ನಿ’ ಎನ್ನುವುದುಂಟು. ಸರ್ಕಾರದ ಖಾತರಿ ಮುಕ್ಕಾಲು ಭಾಗಕ್ಕೆ ಮಾತ್ರ. ಉಳಿದ ಶೇ 25 ಮುಳುಗಿದರೆ ಅದು ಬ್ಯಾಂಕಿನ ಲೆಕ್ಕಕ್ಕೆ, ಶಾಖೆಯ ಹೆಸರಿಗೆ. ಅವರು ಕೇಳುವ ಸಹಿ ಆ ಕಾಲುಭಾಗದ ಭಯಕ್ಕೆ. ಇನ್ನೊಂದು ನೆಪ ಸಿಬಿಲ್ ಸ್ಕೋರ್. 2023ರಲ್ಲಿ ಕೇರಳ ಹೈಕೋರ್ಟ್ ವಿದ್ಯಾರ್ಥಿಯೊಬ್ಬನ ಪ್ರಕರಣದಲ್ಲಿ, ಸ್ಕೋರ್ ಕಡಿಮೆಯಿದೆ ಎಂಬ ಕಾರಣಕ್ಕೇ ಶಿಕ್ಷಣ ಸಾಲದ ಅರ್ಜಿಯನ್ನು ತಳ್ಳಿಹಾಕಬಾರದೆಂದು ಹೇಳಿ, ಹಣ ಬಿಡುಗಡೆ ಮಾಡಲು ಬ್ಯಾಂಕಿಗೆ ಆದೇಶಿಸಿತು. ಕರ್ನಾಟಕದ ಬ್ಯಾಂಕ್ ಶಾಖೆಯನ್ನು ಅದು ನೇರವಾಗಿ ಕಟ್ಟಿಹಾಕುವುದಿಲ್ಲ, ಆದರೆ ಅರ್ಜಿಯ ಜತೆ ಲಗತ್ತಿಸಲು ಒಳ್ಳೆಯ ಕಾಗದ.

ಬಾಯಿಮಾತಿನಲ್ಲಿ ‘ಆಗುವುದಿಲ್ಲ’ ಎಂದು ಕಳಿಸಿದರೆ ಎದ್ದು ಬರಬೇಕಿಲ್ಲ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದರೆ ದಿನಾಂಕವೂ ಅರ್ಜಿ ಸಂಖ್ಯೆಯೂ ದಾಖಲಾಗಿರುತ್ತವೆ. ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ಕೇಳಬಹುದು. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಮೊಬೈಲಿನಿಂದಲೇ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.